ಹಗೇವಿನ ಪಾಠ

ಇನ್ನೊಬ್ಬರ ಅನುಭವದಿಂದ ಕಲಿಯಬೇಕು ಎಂದು ಯಾರಾದರೂ ವೇದಿಕೆ ಹತ್ತಿ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಈ ವಯಸ್ಸಿನಲ್ಲಿ ಇಷ್ಟು ಸಿಟ್ಟು ಒಳ್ಳೆಯದಲ್ಲ ಎಂದು ಮನೆಯವರು ಗೊಣಗುತ್ತಾರೆ. ಅವರಿಗೇನು ಗೊತ್ತು? ನಾನು ಇನ್ನೊಬ್ಬರ ಅನುಭವದಿಂದ ಕಲಿತವನೇ. ಶಾಲೆಯಲ್ಲಿ ಕೈಕಟ್ಟಿ ನಿಂತು ಕಲಿತೆ, ಕಲಿತದ್ದನ್ನು ಅದೇ ಸಂಜೆ ಮನೆಯಲ್ಲಿ ಒಪ್ಪಿಸಿಯೂ ಬಿಟ್ಟೆ. ಅದರಿಂದ ಹಾನಿಯಾದದ್ದು ನನಗಲ್ಲ. ಆದ್ದರಿಂದಲೇ ಇಷ್ಟು ವರ್ಷ ಸುಮ್ಮನಿರಲು ಸಾಧ್ಯವಾಯಿತು.

ಸುರಪುರದ ಶಾಲೆಯ ಮಾತು ಇದು. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಅವು ಕೊನೆಯ ವರ್ಷಗಳೆಂದು ಆಗ ನಮಗೆ ಯಾರೂ ಹೇಳಿರಲಿಲ್ಲ. ಪಾಠವೆಲ್ಲ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ ಆಡುವ ಹುಡುಗರು ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚಿದ್ದರು. ನಾವು ಉರ್ದುವನ್ನು ಕಲಿಯುತ್ತಿರಲಿಲ್ಲ, ನುಂಗುತ್ತಿದ್ದೆವು. ಕೃಷ್ಣಾ ನದಿ ನಮ್ಮ ತಾಲ್ಲೂಕಿನ ಅಂಚಿನಲ್ಲೇ ಹರಿಯುತ್ತಿದ್ದರೂ ಪರೀಕ್ಷೆಯಲ್ಲಿ ನಾವು ಬಾಗ್ದಾದಿನ ಹೊಳೆಗಳ ಬಗ್ಗೆ ಬರೆಯುತ್ತಿದ್ದೆವು. ತಪ್ಪಿದರೆ ಛಡಿ. ಛಡಿ ಏಟು ಮಾತ್ರ ಎಲ್ಲ ಭಾಷೆಯಲ್ಲೂ ಒಂದೇ ಥರ ತಿಳಿಯುತ್ತಿತ್ತು.

ಏಳನೇ ತರಗತಿಗೆ ಬಂದಾಗ ನಮಗೆ ಹೊಸ ಮಾಸ್ತರರು ಬಂದರು. ಯಾದಗಿರಿಯವರು, ಮನೆಮಾತು ದಖನಿ ಉರ್ದು, ಸಣಕಲು ಮೈ, ಛಡಿ ಮುಟ್ಟದ ಕೈ. ಬಾಯಿಪಾಠ ಮಾಡಿ ಮಾಡಿ ನಮ್ಮ ತಲೆ ಖಾಲಿಯಾಗಿದೆ ಎಂದು ಅವರಿಗೆ ಮೊದಲ ವಾರದಲ್ಲೇ ಅನ್ನಿಸಿತಂತೆ. ಆಗ ಶುಕ್ರವಾರ ರಜೆ. ರಜೆಯ ಮುಂಚಿನ ದಿನ, ಗುರುವಾರದ ಕೊನೆಯ ತಾಸನ್ನು ಅವರು 'ಆಪ್‌ಬೀತಿ'ಗೆ ಎಂದು ಇಟ್ಟರು. ಅಂದರೆ ತನ್ನ ಮೇಲೆ ಬಂದದ್ದು. ಒಬ್ಬ ಹುಡುಗ ಎದ್ದು ನಿಂತು ತನಗೋ ತನ್ನ ಮನೆಯವರಿಗೋ ನಿಜವಾಗಿ ಆದ ಒಂದು ಸಂಗತಿ ಹೇಳಬೇಕು. ಉರ್ದು ತೊಡರಿದರೆ ಕನ್ನಡದಲ್ಲಿ ಹೇಳಬಹುದು. ಆಮೇಲೆ ಉಳಿದವರು ಮೂರು ಪ್ರಶ್ನೆ ಕೇಳಬಹುದು, ಹೆಚ್ಚಿಲ್ಲ. ಕೊನೆಗೆ ಒಬ್ಬೊಬ್ಬರೂ ಎದ್ದು, ಇದರಿಂದ ನಾನು ಕಲಿತದ್ದೇನು ಎಂದು ಒಂದು ಮಾತು ಹೇಳಿ ಕೂರಬೇಕು.

ಆ ತಾಸು ನಮಗೆ ಹಬ್ಬವಾಗಿತ್ತು, ಸುಳ್ಳು ಹೇಳಲಾರೆ. ಹೊಳೆದಂಡೆಯ ಅಂಬಿಗರ ಹುಡುಗನೊಬ್ಬ ಸುಳಿಗೆ ಸಿಕ್ಕಿ ಬದುಕಿದ್ದನ್ನು ಹೇಳಿದ. ಸುಳಿಯಲ್ಲಿ ಮೇಲೆ ಬರಲು ಒದ್ದಾಡಬಾರದಂತೆ, ಉಸಿರು ಹಿಡಿದು ತಳಕ್ಕೆ ಮುಳುಗಿ ಪಕ್ಕಕ್ಕೆ ಸರಿಯಬೇಕಂತೆ. ಬಳೆಗಾರರ ಹುಡುಗ, ಅಳುವ ಮದುಮಗಳ ಕೈಗೆ ಬಳೆ ಒಡೆಯದಂತೆ ತೊಡಿಸುವುದು ಹೇಗೆಂದು ಹೇಳಿದ. ಬಾಗ್ದಾದಿನ ಹೊಳೆಗಳು ಯಾವತ್ತೋ ಮರೆತುಹೋದವು. ಸುಳಿಯ ವಿಚಾರ ಇವತ್ತಿಗೂ ನೆನಪಿದೆ. ನನ್ನ ಸರದಿ ಬಂದಾಗ ಮಾತ್ರ ನಾನು ಹೇಳಿದ್ದು ನನಗೆ ಜ್ವರ ಬಂದ ಕಥೆ. ಬಂತು, ಕಷಾಯ ಕುಡಿದೆ, ಹೋಯಿತು. ಇದರಿಂದ ಜ್ವರ ಹೋಗುತ್ತದೆಂದು ಕಲಿತೆವು ಎಂದು ಇಡೀ ತರಗತಿ ಒಬ್ಬರ ನಂತರ ಒಬ್ಬರು ಎದ್ದು ಹೇಳಿ ನನ್ನ ಮಾನ ಕಳೆದರು.

ನನ್ನ ಹತ್ತಿರ ಹೇಳಲು ಏನೂ ಇರಲಿಲ್ಲ. ನಾನು ಗಿರದಾವರನ ಮಗ. ಹತ್ತಾರು ಹಳ್ಳಿಗಳ ಕಂದಾಯ, ಬೆಳೆ ನೋಡಿಕೊಳ್ಳುವ ಸರ್ಕಾರಿ ನೌಕರನಿಗೆ ನಮ್ಮ ಕಡೆ ಗಿರದಾವರ ಎನ್ನುತ್ತಿದ್ದರು. ಯುದ್ಧದ ಕಾಲದಿಂದ ಅಪ್ಪನಿಗೆ ಇನ್ನೊಂದು ಕೆಲಸ ಅಂಟಿಕೊಂಡಿತ್ತು, ಲೆವಿ ವಸೂಲಿ. ಪ್ರತಿ ರೈತ ಇಂತಿಷ್ಟು ಜೋಳವನ್ನು ಸರ್ಕಾರಕ್ಕೆ ಸರ್ಕಾರ ಹೇಳಿದ ಬೆಲೆಗೆ ಕೊಡಲೇಬೇಕು. ಕೊಟ್ಟರೆ ಮನೆಯ ಹೊಟ್ಟೆಗೆ ಸಾಲುತ್ತಿರಲಿಲ್ಲ. ಆದ್ದರಿಂದ ಊರವರು ಬಚ್ಚಿಡುತ್ತಿದ್ದರು, ಅಪ್ಪ ಹುಡುಕುತ್ತಿದ್ದ. ಆದರೆ ಮನೆಯೊಳಗೆ ಅಪ್ಪ ಮೆತ್ತಗಿನ ಮನುಷ್ಯ. ಸಂಜೆ ಕಟ್ಟೆಯ ಮೇಲೆ ಕೂತು ಬಸಿಯಲ್ಲಿ ಚಹಾ ಆರಿಸಿಕೊಂಡು ಕುಡಿಯುತ್ತ, ಇವತ್ತು ಶಾಲೆಯಲ್ಲಿ ಏನು ಕಲಿತಿ ಎಂದು ತಪ್ಪದೆ ಕೇಳುತ್ತಿದ್ದ. ಬೇರೆ ಹುಡುಗರ ಅಪ್ಪಂದಿರು ಹಾಗೆ ಕೇಳುತ್ತಿರಲಿಲ್ಲ. ನನಗೆ ಅದರ ಹೆಮ್ಮೆ ಇತ್ತು.

ತರಗತಿಯಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಿದ್ದವನು ಕಕ್ಕೇರಾದಾಚೆಯ ಒಂದು ಸಣ್ಣ ಹಳ್ಳಿಯ ಒಕ್ಕಲುತನದ ಮನೆಯ ಹುಡುಗ. ನಾನು ಅವನಿಗೆ ಉರ್ದು ಹೇಳಿಕೊಡುತ್ತಿದ್ದೆ, ಅವನು ನನಗೆ ಲೆಕ್ಕ. ಅವನ ಅಪ್ಪ ಸತ್ತಿದ್ದ, ಅಣ್ಣ ಹೊಲ ನೋಡುತ್ತಿದ್ದ. ಇವನು ಸುರಪುರದ ಒಂದು ಮಠದ ಪಡಸಾಲೆಯಲ್ಲಿ ಮಲಗಿ, ವಾರಕ್ಕೊಮ್ಮೆ ಊರಿಂದ ಕಟ್ಟಿಕೊಂಡು ಬಂದ ರೊಟ್ಟಿ ಹಿಟ್ಟಿನ ಮೇಲೆ ಓದುತ್ತಿದ್ದ. ಏಳನೆಯ ತರಗತಿಯ ಸರ್ಕಾರಿ ಪರೀಕ್ಷೆಯನ್ನು ಯಾದಗಿರಿಗೆ ಹೋಗಿ ಬರೆಯಬೇಕು. ಅದೊಂದು ಪಾಸಾದರೆ ಯಾವುದಾದರೂ ಹಳ್ಳಿ ಶಾಲೆಯ ಮಾಸ್ತರಿಕೆ ಸಿಗುತ್ತಿತ್ತು. ಅವನ ಅಣ್ಣ ಒಂದು ಕರಾರು ಹಾಕಿದ್ದ. ಮನೆಯಲ್ಲಿ ಜೋಳ ಇರುವ ತನಕ ಓದು, ಜೋಳ ತೀರಿದ ದಿನ ಬಂದು ನೇಗಿಲು ಹಿಡಿ. ಅವನು ಅದನ್ನು ನಗುತ್ತಲೇ ಹೇಳುತ್ತಿದ್ದ. ಆದರೆ ಪರೀಕ್ಷೆಗೆ ಎಷ್ಟು ತಿಂಗಳು ಉಳಿದಿದೆ ಎಂಬುದನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಅವನು ಬಲ್ಲವನಾಗಿದ್ದ.

ಅವನ ರೊಟ್ಟಿಗೆ ಒಂದು ಮುಗ್ಗಲು ವಾಸನೆ ಇತ್ತು. ಬುತ್ತಿ ಬಿಚ್ಚಿದರೆ ಸಾಕು, ನಾವೆಲ್ಲ ಮೂಗು ಮುಚ್ಚಿಕೊಳ್ಳುತ್ತಿದ್ದೆವು. ನಿಮ್ಮವ್ವ ಹಿಟ್ಟನ್ನು ಗೋರಿಯಿಂದ ಅಗೆದು ತರುತ್ತಾಳೇನು ಎಂದು ಕೇಳಿದವನು ನಾನೇ. ಎಲ್ಲರೂ ನಕ್ಕರು. ಹಿಂದೆ ಮಾಸ್ತರರು ನಿಂತಿದ್ದರು. ಅವರು ನನಗೆ ಬೈಯಲಿಲ್ಲ. ಈ ವಾಸನೆ ಎಲ್ಲಿಂದ ಬಂತೆಂದು ಇದೇ ಗುರುವಾರ ಅವನೇ ಹೇಳಲಿ, ನಕ್ಕವರು ಕೂತು ಕಲಿಯಲಿ ಎಂದರು.

ಅವನು ಹೇಳಿದ. ಅಂಜುಬುರುಕ ಹುಡುಗ, ಆದರೆ ಅವತ್ತು ಎದೆ ಉಬ್ಬಿಸಿ ನಿಂತು ಹೇಳಿದ. ಜೋಳವನ್ನು ಹಗೇವಿನಲ್ಲಿ ಇಡುತ್ತಾರೆ. ಗಟ್ಟಿ ಮರಡಿ ನೆಲದಲ್ಲಿ ಎರಡಾಳು ಆಳಕ್ಕೆ ನೀರಿನ ಹರವಿಯ ಆಕಾರದಲ್ಲಿ ತೋಡಿದ ಗುಂಡಿ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಮಾತ್ರ. ಒಳಗೋಡೆಗೆ ಒಣಹುಲ್ಲು ಒತ್ತಿ, ಜೋಳ ಸುರಿದು, ಮೇಲೆ ಕಲ್ಲುಚಪ್ಪಡಿ ಇಟ್ಟು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಹತ್ತುವುದಿಲ್ಲ. ರೊಟ್ಟಿಯ ವಾಸನೆ ಆ ಗುಂಡಿಯದು. ಹೋದ ವರ್ಷ ದೀಪಾವಳಿಯ ಹೊತ್ತಿಗೆ ಅವನ ಅಣ್ಣ ಹಗೇವು ತೆರೆದವನೇ ಅವಸರದಲ್ಲಿ ಒಳಗೆ ಇಳಿದ. ಮುಚ್ಚಿಟ್ಟ ಜೋಳ ಒಳಗಿನ ಗಾಳಿಯನ್ನು ಕೆಡಿಸಿರುತ್ತದೆ. ಮೇಲಿಂದ ಕೂಗಿದರೆ ಉತ್ತರವಿಲ್ಲ. ಅಣ್ಣ ಜೋಳದ ಮೇಲೆ ಬೋರಲು ಬಿದ್ದಿದ್ದ. ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತುಬಿಟ್ಟಳು.

ಆಗ ಮುಂದೆ ಬಂದವಳು ಅವನ ಅತ್ತಿಗೆ. ಮದುವೆಯಾಗಿ ಮೂರು ತಿಂಗಳಾಗಿತ್ತು. ಗುರುಮಠಕಲ್ ಕಡೆಯವಳು, ಮಾತಿನಲ್ಲಿ ಅರ್ಧ ತೆಲುಗು, ಆದ್ದರಿಂದ ಮನೆಯವರಿಗೆ ಆಕೆ ಬಾಯಿ ತೆರೆದರೆ ನಗು. ಆಕೆ ಬೇವಿನ ಟೊಂಗೆಗಳನ್ನು ಮುರಿದು ಕಟ್ಟು ಮಾಡಿ, ಬಾವಿಯ ಹಗ್ಗಕ್ಕೆ ಬಿಗಿದು, ಗುಂಡಿಯೊಳಗೆ ಬಿಟ್ಟು ಮೇಲೆಳೆದು, ಮತ್ತೆ ಬಿಟ್ಟು ಮತ್ತೆ ಎಳೆದು ಒಳಗಿನ ಗಾಳಿಯನ್ನು ಕಡೆದಳು. ಆಕೆಯ ತವರಿನಲ್ಲಿ ಹಾಗೇ ಮಾಡುವುದಂತೆ. ನಮ್ಮ ಕಡೆ ಅದನ್ನು ಯಾರೂ ಕಂಡಿರಲಿಲ್ಲ. ಆಮೇಲೆ ಕಂದೀಲು ಹೊತ್ತಿಸಿ ಇಳಿಬಿಟ್ಟಳು. ದೀಪ ಆರಿತು. ಮತ್ತೆ ಬೇವು. ಎರಡನೇ ಸಲ ದೀಪ ಉಳಿಯಿತು. ತನ್ನ ನಡುವಿಗೆ ಹಗ್ಗ ಕಟ್ಟಿಕೊಂಡು ತಾನೇ ಇಳಿದು, ಗಂಡನನ್ನು ಕಟ್ಟಿ ಮೇಲೆ ಕಳಿಸಿದಳು. ಅಣ್ಣ ಬದುಕಿದ.

ಇನ್ನು ಪ್ರಶ್ನೆಗಳು. ಗುಂಡಿಯಲ್ಲಿ ಮನುಷ್ಯ ಎಷ್ಟು ಹೊತ್ತು ಬದುಕುತ್ತಾನೆ ಎಂದು ಒಬ್ಬ ಕೇಳಿದ. ಜೋಳ ಕೆಡುವುದಿಲ್ಲವೇ ಎಂದು ಇನ್ನೊಬ್ಬ. ಮೂರನೆಯ ಪ್ರಶ್ನೆ ನನ್ನದು. ಜ್ವರದ ಕಥೆಯ ಅವಮಾನ ನನ್ನೊಳಗೆ ಇನ್ನೂ ಕುಟುಕುತ್ತಿತ್ತು, ಏನಾದರೂ ಜಾಣತನದ್ದು ಕೇಳಬೇಕಿತ್ತು. ಮಳೆಗಾಲದಲ್ಲಿ ಗುಂಡಿಗೆ ನೀರು ಇಳಿಯುವುದಿಲ್ಲವೇ ಎಂದೆ.

"ನಮ್ಮದು ದನದ ಕೊಟ್ಟಿಗ್ಯಾಗ ಅದ, ಗ್ವಾದ್ಲಿ ಕೆಳಗ," ಅಂದ ಅವನು. "ಅಲ್ಲಿ ಮಳಿ ಬೀಳಂಗಿಲ್ಲ."

ಗ್ವಾದಲಿ ಎಂದರೆ ದನಗಳಿಗೆ ಮೇವು ಹಾಕುವ ತೊಟ್ಟಿ. ಒಳ್ಳೆಯ ಪ್ರಶ್ನೆ ಎಂದು ಮಾಸ್ತರರು ನನ್ನ ಬೆನ್ನು ತಟ್ಟಿದರು. ಆಮೇಲೆ ಒಬ್ಬೊಬ್ಬರೂ ಎದ್ದು ಕಲಿತದ್ದನ್ನು ಹೇಳಿದೆವು. ದೀಪ ಆರಿದರೆ ಇಳಿಯಬಾರದು ಎಂದು ನಾನು ಹೇಳಿದೆ. ಇನ್ನೊಬ್ಬರ ರೊಟ್ಟಿಗೆ ನಗಬಾರದು ಎಂದು ಬಳೆಗಾರರ ಹುಡುಗ ಹೇಳಿದ.

ಸಂಜೆ ಅಪ್ಪ ಕೇಳಿದ, ನಾನು ಹೇಳಿದೆ. ಬೇವಿನ ಟೊಂಗೆ, ಕಂದೀಲು, ನಡುವಿಗೆ ಹಗ್ಗ, ಒಂದನ್ನೂ ಬಿಡಲಿಲ್ಲ. ಅಪ್ಪ ಬಸಿ ಕೆಳಗಿಟ್ಟು ಕೇಳತೊಡಗಿದ. ಹುಡುಗ ಯಾವ ಊರವನು? ಕಕ್ಕೇರಾದಾಚೆ ಯಾವ ಹಳ್ಳಿ? ಅಣ್ಣ ಒಬ್ಬನೇನಾ? ಗುಂಡಿ ಎಲ್ಲಿ ಅಂದ? ಗ್ವಾದಲಿಯ ಕೆಳಗೇ ಅಂದನೇನು? ನಾನು ಎಲ್ಲದಕ್ಕೂ ತಡವರಿಸದೆ ಉತ್ತರ ಕೊಟ್ಟೆ. ಅಪ್ಪ ತನ್ನ ಚಹಾದಲ್ಲಿ ಅರ್ಧವನ್ನು ಬಸಿಗೆ ಸುರಿದು ನನಗೆ ಕೊಟ್ಟ. ಇವನು ಶಾಣ್ಯಾ ಆಗುತ್ತಿದ್ದಾನೆ ಎಂದು ಒಳಗಿದ್ದ ಅವ್ವನಿಗೆ ಕೂಗಿ ಹೇಳಿದ.

ನನಗೆ ಗೊತ್ತಿರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಹುಡುಗ, ಪಾಪ, ಅವನಿಗೇನು ತಿಳಿಯುತ್ತದೆ ಎಂದು. ಸುಳ್ಳು. ಹಗೇವುಗಳು ಮನೆಯ ಮುಂದಿನ ಬಯಲಲ್ಲಿ ಇರುತ್ತವೆ, ಊರಿಗೆಲ್ಲ ಗೊತ್ತಿರುತ್ತವೆ. ಗ್ವಾದಲಿಯ ಕೆಳಗೆ ಯಾರಾದರೂ ಹಗೇವು ತೋಡಿದ್ದರೆ ಅದು ಯಾರಿಂದ ಮರೆಮಾಡಲಿಕ್ಕೆ ಎಂದು ಹದಿಮೂರು ವರ್ಷದ ಗಿರದಾವರನ ಮಗನಿಗೆ ತಿಳಿಯದೆ ಇರುತ್ತದೆಯೇ? ಅಪ್ಪನ ಎರಡನೆಯ ಪ್ರಶ್ನೆಗೇ ನನಗೆ ತಿಳಿದಿತ್ತು. ಆದರೆ ಅಪ್ಪ ಚಹಾ ಬಿಟ್ಟು ನನ್ನ ಮಾತು ಕೇಳಿದ್ದು ಅದೇ ಮೊದಲು. ಆ ಸುಖವನ್ನು ನಿಲ್ಲಿಸುವುದು ನನ್ನಿಂದ ಆಗಲಿಲ್ಲ.

ಶನಿವಾರ ಗೆಳೆಯ ಎಂದಿನಂತೆ ಬಂದ. ಯಾರೂ ಅವನ ಬುತ್ತಿಗೆ ನಗಲಿಲ್ಲ, ಅಂಬಿಗರ ಹುಡುಗ ಒಂದು ರೊಟ್ಟಿ ಕೇಳಿ ಇಸಿದುಕೊಂಡು ತಿಂದ. ಸೋಮವಾರ ಅಪ್ಪ ಜವಾನರನ್ನು ಕರೆದುಕೊಂಡು ಫಿರ್ತಿಗೆ, ಅಂದರೆ ಹಳ್ಳಿಗಳ ತಪಾಸಣೆಗೆ, ಹೊರಟ. ಮಂಗಳವಾರ ಮಧ್ಯಾಹ್ನ ಯಾರೋ ಬಂದು ಗೆಳೆಯನನ್ನು ತರಗತಿಯಿಂದ ಕರೆದೊಯ್ದರು. ಬುಧವಾರ ಸಂಜೆ ಅಪ್ಪ ಮರಳಿ ಬಂದು, ಕಾಲು ತೊಳೆದು, ಕಟ್ಟೆಯ ಮೇಲೆ ಕೂತ. ಅವತ್ತು ಏನು ಕಲಿತಿ ಎಂದು ಕೇಳಲಿಲ್ಲ. ತಾನೇ ಹೇಳಿದ.

"ನಿನ್ನ ದೋಸ್ತ ಹೇಳಿದ್ದು ಖರೇ ಅದ ನೋಡು. ಬೇವಿನ ಕಟ್ಟು ಬಿಟ್ಟಿವಿ, ಕಂದೀಲ ಇಳಿಸಿದಿವಿ, ಆರಿತು. ಮತ್ತ ಬೇವು ಆಡಿಸಿ ಜವಾನನ್ನ ಇಳಿಸಿದಿವಿ. ನಿನ್ನ ಮಾತಿನಿಂದ ಅವನ ಜೀವ ಉಳೀತು."

ಎರಡು ಬಂಡಿ ಜೋಳ ಹೊರಬಂದಿತ್ತು. ಅದನ್ನೂ ಹೇಳಿದ, ಆದರೆ ಜವಾನನ ಜೀವ ಉಳಿದದ್ದನ್ನು ಹೇಳಿದಷ್ಟು ಸಂತೋಷದಿಂದಲ್ಲ. ಅಪ್ಪ ನನ್ನನ್ನು ಹಂಗಿಸುತ್ತಿರಲಿಲ್ಲ, ಅದೇ ಇನ್ನೂ ಕೆಟ್ಟದ್ದು. ಮಗನ ವಿದ್ಯೆ ಒಬ್ಬನ ಜೀವ ಉಳಿಸಿತು ಎಂದು ಅವನು ನಿಜವಾಗಿಯೂ ನಂಬಿದ್ದ. ನಾನು ಅಲ್ಲಿಂದ ಎದ್ದೆ. ಹಿತ್ತಲಿಗೆ ಹೋಗಿ ಕೂತೆ.

ಮರುದಿನ ಗುರುವಾರ. ಸುದ್ದಿ ಅಷ್ಟರಲ್ಲಿ ಶಾಲೆಗೆ ಬಂದಿತ್ತು. ಕೊನೆಯ ತಾಸಿನಲ್ಲಿ ಮಾಸ್ತರರು ಯಾರು ಹೇಳುತ್ತೀರಿ ಎಂದು ಕೇಳಿದರೆ ಯಾರೂ ಏಳಲಿಲ್ಲ. ಹೆಸರು ಹಿಡಿದು ಎಬ್ಬಿಸಿದ ಹುಡುಗ ತಾನು ಒಂದು ಕಾಗೆಯನ್ನು ಕಂಡೆನೆಂದು ಹೇಳಿ ಕೂತ. ಇನ್ನೊಬ್ಬ ತನ್ನ ಮನೆಯಲ್ಲಿ ಈ ವಾರ ಏನೂ ಆಗಲಿಲ್ಲ ಎಂದ. ಮನೆಯಲ್ಲಿ ಆದದ್ದನ್ನು ಶಾಲೆಯಲ್ಲಿ ಹೇಳಬಾರದು ಎಂಬುದನ್ನು ಇಡೀ ತರಗತಿ ಒಬ್ಬನ ಅನುಭವದಿಂದ ಒಂದೇ ವಾರದಲ್ಲಿ ಕಲಿತುಬಿಟ್ಟಿತ್ತು. ಎಲ್ಲರೂ ಒಮ್ಮೊಮ್ಮೆ ತಿರುಗಿ ನನ್ನ ಕಡೆ ನೋಡುತ್ತಿದ್ದರು. ನನ್ನ ಮಣೆಯ ಮೇಲೆ ನಾನೊಬ್ಬನೇ. ಮಾಸ್ತರರು ನನ್ನನ್ನು ನೋಡಿದರು, ಪಕ್ಕದ ಖಾಲಿ ಜಾಗ ನೋಡಿದರು, ಆಮೇಲೆ ಪುಸ್ತಕ ತೆಗೆಯಿರಿ ಎಂದರು. ಅವತ್ತಿನಿಂದ ಗುರುವಾರದ ಕೊನೆಯ ತಾಸಿನಲ್ಲಿ ಉಕ್ತಲೇಖನ.

ಗೆಳೆಯ ಎರಡು ವಾರ ಬರಲಿಲ್ಲ. ನೇಗಿಲು ಹಿಡಿದನೆಂದು ತಿಳಿಯಿತು. ಮಾಡಿದ್ದನ್ನು ಒಪ್ಪಿಕೊಳ್ಳಬೇಕು, ಬೈಸಿಕೊಳ್ಳಬೇಕು, ಬೇಕಾದರೆ ಹೊಡೆಸಿಕೊಳ್ಳಬೇಕು ಎಂದು ನಿಶ್ಚಯಿಸಿ ಒಂದು ಶುಕ್ರವಾರ ಬೆಳಿಗ್ಗೆ ಕಕ್ಕೇರಾ ಕಡೆ ಹೊರಟ ಬಂಡಿ ಹತ್ತಿದೆ. ಮನೆಯಲ್ಲಿ ಗೆಳೆಯನ ಊರಿಗೆ ಎಂದಷ್ಟೇ ಹೇಳಿದೆ. ಹಳ್ಳಿಯ ಹೊರಗಿನ ಹೊಲದಲ್ಲೇ ಅವನು ಸಿಕ್ಕ. ಬಿಳಿಜೋಳ ಮೊಣಕಾಲೆತ್ತರ ನಿಂತಿತ್ತು, ಅವನು ಕುರ್ಚಿಗೆ ಎಂಬ ಕಳೆಗುದ್ದಲಿ ಹಿಡಿದು ಕಳೆ ತೆಗೆಯುತ್ತಿದ್ದ. ನಾನು ಬದುವಿನ ಮೇಲೆ ನಿಂತೇ ಒಂದು ಉಸಿರಿನಲ್ಲಿ ಎಲ್ಲ ಹೇಳಿದೆ.

ಅವನು ತಲೆ ಎತ್ತಲಿಲ್ಲ. ಗೊತ್ತು ಅಂದ. ಜವಾನರು ಬೇವಿನ ಟೊಂಗೆ ಮುರಿದರೆಂದು ಅವ್ವ ಹೇಳಿದಾಗಲೇ ಗೊತ್ತಾಯಿತು ಅಂದ. ಆಮೇಲೆ ಉಳಿದದ್ದನ್ನು ಅವನು ಹೇಳಿದ, ಕುರ್ಚಿಗೆ ನಿಲ್ಲಿಸದೆ ಹೇಳಿದ.

ಗ್ವಾದಲಿಯ ಕೆಳಗಿನ ಹಗೇವು ಮನೆಯ ನಾಲ್ಕು ಜನರಿಗೆ ಬಿಟ್ಟರೆ ಇನ್ನಾರಿಗೂ ಗೊತ್ತಿರಲಿಲ್ಲ. ಅಣ್ಣ ಒಳಗೆ ಬಿದ್ದಾಗಲೂ ನೆರೆಯವರನ್ನು ಕೂಗಿರಲಿಲ್ಲ. ಅವ್ವ ಸೆರಗು ತುರುಕಿಕೊಂಡದ್ದು ಅದಕ್ಕೇ, ಅಳು ಆಚೆಗೆ ಕೇಳಬಾರದೆಂದು. ಹೀಗಿದ್ದಾಗ ಲೆವಿಯವರು ನೆಟ್ಟಗೆ ಕೊಟ್ಟಿಗೆಗೆ ಬಂದರು. ಅದು ಸಾಲದೆಂದು ಬೇವಿನ ಕಟ್ಟನ್ನು ಹಗ್ಗಕ್ಕೆ ಕಟ್ಟಿ ಗುಂಡಿಯಲ್ಲಿ ಆಡಿಸಿದರು. ಆ ಪದ್ಧತಿ ಈ ಸೀಮೆಯದಲ್ಲ, ಅತ್ತಿಗೆಯ ತವರಿನದು. ಆ ತವರಿನವರು ಸೈದಾಪುರದಲ್ಲಿ ರೈಲು ಹತ್ತಿ ಈ ಸಲದ ದೀಪಾವಳಿಗೆ ಬಂದು ಹೋಗಿದ್ದರು. ಆಕೆಯೇ ಅವರ ಮುಂದೆ ಆಡಿದ್ದಾಳೆ, ಅವರು ಸರ್ಕಾರಕ್ಕೆ ಹಚ್ಚಿಕೊಟ್ಟಿದ್ದಾರೆ ಎಂದು ಅಣ್ಣ ತೀರ್ಮಾನಿಸಿದ. ಆಕೆ ದೇವರ ಮನೆಯಲ್ಲಿ ದೀಪ ಮುಟ್ಟಿ ಆಣೆ ಮಾಡಿದಳು. ಅರ್ಧ ತೆಲುಗಿನಲ್ಲಿ ಮಾಡಿದ ಆಣೆಯನ್ನು ಯಾರೂ ನಂಬಲಿಲ್ಲ. ಮೂರನೆಯ ದಿನ ಅಣ್ಣ ಆಕೆಯನ್ನು ಗುರುಮಠಕಲ್ಲಿನ ದಾರಿಗೆ ಹಚ್ಚಿ ಬಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದನ್ನು ನಾನು ಅಲ್ಲಿಯ ತನಕ ಬರೀ ಗಾದೆ ಎಂದುಕೊಂಡಿದ್ದೆ.

ಹಾಗಾದರೆ ಈಗಲೇ ಹೋಗಿ ಹೇಳೋಣ ಎಂದೆ. ನಾನೇ ಹೇಳುತ್ತೇನೆ, ನಿಮ್ಮವ್ವನ ಕಾಲು ಹಿಡಿದು ಹೇಳುತ್ತೇನೆ ಎಂದೆ. ಆಗ ಅವನು ಕುರ್ಚಿಗೆ ಕೆಳಗಿಟ್ಟ.

"ನೀ ಹೇಳಿದ್ರ, ನಿಂಗ ಯಾರು ಹೇಳ್ಯಾರಂತ ಕೇಳ್ತಾರ. ಶಾಪುರದಾಗ ನಮ್ಮ ಸೋದರಮಾವ ಪರೀಕ್ಷಾ ತನಕ ಜೋಳ ಕೊಡ್ತೀನಿ ಅಂದಾನ. ಅಣ್ಣ ಹೂಂ ಅಂದಾನ. ಸಾಲ್ಯಾಗ ನಾನ ಬಾಯಿ ಬಿಟ್ಟೀನಿ ಅಂತ ತಿಳಿದ್ರ ಅವ ನನ್ನ ಸಾಲಿ ಮುಖ ನೋಡಾಕ ಬಿಡಂಗಿಲ್ಲ. ಪರೀಕ್ಷಾ ಮುಗೀಲಿ. ಆಮ್ಯಾಲ ನಾನ ಹೇಳಿ ವೈನೀನ ಕರಕೊಂಡು ಬರತೀನಿ."

ವೈನಿ ಎಂದರೆ ಅತ್ತಿಗೆ. ಅವನ ಕಣ್ಣಲ್ಲಿ ನೀರಿತ್ತು. ಅವನು ಕೆಟ್ಟವನಲ್ಲ. ನನಗಿಂತ ನೂರು ಪಾಲು ಒಳ್ಳೆಯವನು. ಆದರೆ ಹದಿನಾಲ್ಕರ ಹುಡುಗನ ಎದುರಿಗೆ ಜೀವಮಾನದಲ್ಲಿ ಒಂದೇ ಬಾಗಿಲು ತೆರೆದಿತ್ತು, ಅದರ ಕೀಲಿಯನ್ನು ನಾನು ಒಮ್ಮೆ ಕಸಿದಿದ್ದೆ. ಎರಡನೆಯ ಸಲ ಕಸಿಯುವ ಧೈರ್ಯ ನನಗಿರಲಿಲ್ಲ. ಹಾಗೆಂದು ಆಗ ಅನ್ನಿಸಿತು. ಈಗ ಕೇಳಿದರೆ, ನನಗೆ ಒಳಗೊಳಗೇ ಹಗುರವಾಯಿತು ಎಂದೇ ಹೇಳುತ್ತೇನೆ. ತಪ್ಪೊಪ್ಪಿಕೊಳ್ಳಲು ಬಂದವನಿಗೆ, ಒಪ್ಪಿಕೊಳ್ಳಬೇಡ ಎಂಬ ಅಪ್ಪಣೆ ಸಿಕ್ಕಿತ್ತು.

ಊಟದ ಹೊತ್ತಾಗಿತ್ತು, ಮನೆಗೆ ಕರೆದೊಯ್ದ. ಅಣ್ಣ ಪಡಸಾಲೆಯಲ್ಲಿದ್ದ. ನಾನು ಯಾರ ಮಗನೆಂದು ಗೆಳೆಯ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ನನ್ನ ಮುಖ ಅಪ್ಪನದೇ ಅಚ್ಚು. ಅವನ ಅವ್ವ ಒಂದು ಗಳಿಗೆ ನನ್ನನ್ನೇ ನೋಡಿ, ಕೈಕಾಲಿಗೆ ನೀರು ಕೊಟ್ಟು, ಗಂಗಾಳ ಇಟ್ಟಳು. ಎರವಲು ತಂದ ಹಿಟ್ಟಿನ ರೊಟ್ಟಿ, ಪುಂಡಿಪಲ್ಯ. ಗೆಳೆಯ ನನ್ನ ಎದುರಿಗೆ ಕೂತ. ಮುದುಕಿ ಎರಡು ರೊಟ್ಟಿ ಬಡಿಸಿ, ಆಮೇಲೆ ಒಲೆಯ ಹತ್ತಿರದಿಂದ ಎದ್ದು ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ತಮ್ಮಾ, ನೀ ಗಿರದಾವರ ಮಗ. ನಿಮ್ಮ ಮನ್ಯಾಗ ಮಾತು ಬಂದೇ ಇರತದ. ನಮ್ಮ ಸೊಸಿ ಕಡೆಯವರು ಯಾರರ ಬಂದು ಹೇಳ್ಯಾರನು? ಹೇಳಿದ್ರ ಹೌದನ್ನು. ಇಲ್ಲಂದ್ರ ಇಲ್ಲನ್ನು. ನೀ ಇಲ್ಲಂದ್ರ ನಾಳೆನ ಬಂಡಿ ಕಟ್ಟಿಸಿ ಆಕಿನ್ನ ಕರಸತೀನಿ."

ಅಣ್ಣ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದ. ಅವನಿಗೂ ಆಕೆ ಬೇಕಾಗಿತ್ತೆಂದು ಆ ನೋಟದಲ್ಲಿ ನನಗೆ ತಿಳಿಯಿತು. ಗೆಳೆಯ ಗಂಗಾಳದಿಂದ ಕಣ್ಣು ಎತ್ತಲಿಲ್ಲ. ಇಲ್ಲ ಎಂಬ ಎರಡಕ್ಷರ. ಅಷ್ಟು ಹೇಳಿದರೆ ಬಂಡಿ ಗುರುಮಠಕಲ್ಲಿಗೆ ಹೋಗುತ್ತಿತ್ತು. ಆದರೆ ಇಲ್ಲ ಎಂದರೆ, ಮತ್ಯಾರು ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ. ನಾನು ಬಾಯೊಳಗಿನ ತುತ್ತು ನುಂಗಿದೆ.

"ನಂಗ ಗೊತ್ತಿಲ್ರಿ," ಅಂದೆ.

ಮುದುಕಿ ನನ್ನ ಮುಖವನ್ನು ಇನ್ನಷ್ಟು ಹೊತ್ತು ನೋಡಿದಳು. ಆಮೇಲೆ ದೊಡ್ಡ ಮಗನ ಕಡೆ ತಿರುಗಿದಳು. ಅವನು ಎದ್ದು ಹೋಗಿ ಕೈ ತೊಳೆದುಕೊಂಡ. ಅವನ ರೊಟ್ಟಿ ಅರ್ಧ ಹಾಗೇ ಇತ್ತು.

ಸೋಮವಾರ ಗೆಳೆಯ ಶಾಲೆಗೆ ಬಂದ, ನನ್ನ ಪಕ್ಕದಲ್ಲೇ ಕೂತ. ಉಳಿದ ಹುಡುಗರಿಗೆ ಅದು ವಿಚಿತ್ರವಾಗಿ ಕಂಡಿತು. ಅವರಿಗೆ ಏನು ಗೊತ್ತು, ಈಗ ನಾವಿಬ್ಬರೂ ಒಂದೇ ಹಗ್ಗಕ್ಕೆ ಕಟ್ಟುಬಿದ್ದಿದ್ದೆವು. ಪರೀಕ್ಷೆಯ ತನಕ ಒಟ್ಟಿಗೆ ಓದಿದೆವು, ನಾನು ಉರ್ದು, ಅವನು ಲೆಕ್ಕ. ಯಾದಗಿರಿಗೆ ಹೋಗಿ ಬರೆದೆವು. ಇಬ್ಬರೂ ಪಾಸಾದೆವು. ಅವನ ಅಂಕ ನನಗಿಂತ ಹೆಚ್ಚು. ಆ ಮಾಸ್ತರರು ನಮ್ಮಿಬ್ಬರನ್ನೂ ತಬ್ಬಿಕೊಂಡರು. ಅವರ ಕಣ್ಣು ತಪ್ಪಿಸಲು ನಾನು ಬಗ್ಗಿ ಕಾಲು ಮುಟ್ಟಿದೆ.

ಪರೀಕ್ಷೆ ಮುಗಿಯಿತಲ್ಲ, ಇನ್ನು ಹೇಳುತ್ತೀಯಲ್ಲ ಎಂದು ನಾನು ಕೇಳಿದೆ. ಕೇಳಿದೆ ಎಂಬುದಷ್ಟೇ ನನ್ನ ಪಾಲಿನ ಪುಣ್ಯ. ಅವನು ನೆಲ ನೋಡಿ ಹೇಳಿದ, ಅಣ್ಣನಿಗೆ ಶಹಾಪುರದ ಸೋದರಮಾವನ ಮಗಳನ್ನೇ ಗೊತ್ತು ಮಾಡಿದ್ದಾರೆ, ವೀಳ್ಯ ಆಗಿದೆ, ಈಗ ಹೇಳಿದರೆ ಇಬ್ಬರು ಹೆಣ್ಣುಮಕ್ಕಳ ಬಾಳು ಹಾಳಾಗುತ್ತದೆ. ಪರೀಕ್ಷೆಯ ತನಕ ತಿಂದ ಜೋಳ ಆ ಮಾವನದು. ನನಗೆ ಅವನ ಮಾತು ಸರಿ ಎನ್ನಿಸಿತು. ಇಬ್ಬರೂ ಈಗ ಓದಿದವರು, ಯಾವುದಕ್ಕೂ ಒಂದು ಕಾರಣ ಹುಡುಕುವಷ್ಟು ಬುದ್ಧಿ ಬಂದಿತ್ತು.

ಮದುವೆಗೆ ನನ್ನನ್ನು ಕರೆದರು, ಹೋದೆ. ಹಂದರದ ಕೆಳಗೆ ಪಂಕ್ತಿಯಲ್ಲಿ ಗೆಳೆಯನ ಪಕ್ಕದಲ್ಲಿ ಕೂತೆ. ಅವನ ಅವ್ವ ಹೋಳಿಗೆಯ ಬುಟ್ಟಿ ಹಿಡಿದು ಬಡಿಸುತ್ತ ಬಂದವಳು ನನ್ನ ಮುಂದೆ ನಿಂತಳು. ಪಕ್ಕದಲ್ಲಿದ್ದ ಬೀಗರಿಗೆ ನನ್ನನ್ನು ತೋರಿಸಿ ಹೇಳಿದಳು.

"ಇವ ದೊಡ್ಡವರ ಮಗ. ಅವತ್ತ ನಾ ಎಷ್ಟು ಕೇಳಿದ್ರೂ ಮೊದಲಿನ ಸೊಸಿ ಹೆಸರು ಹೇಳಲಿಲ್ಲ. ಹೆಣ್ಣುಮಗಳ ಮಾನ ಕಾದ."

ಹೇಳಿ, ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿ ತುಪ್ಪ ಸುರಿದಳು. ತಿಂದೆ.